ಗಂಗಾ ಸ್ಟಾರ್ಟರಿನ ಹಳೇ ಹೆಸರು

ಹೋದ ತಿಂಗಳು ಹಿಂದೂಪುರದ ಬಜಾರಿನಲ್ಲಿ ಫೋನು ರಿಪೇರಿಗೆ ಕೊಟ್ಟು ಅಂಗಡಿಯ ಸ್ಟೂಲಿನ ಮೇಲೆ ಕೂತಿದ್ದೆ. ರಿಪೇರಿ ಮಾಡುವ ಹುಡುಗಿ ಕಾದ ಸೋಲ್ಡರಿಂಗ್ ಐರನ್ನನ್ನು ಫ್ಲಕ್ಸ್ ಡಬ್ಬಿಗೆ ಅದ್ದಿದಳು. ಸುರ್ ಅಂತ ಹೊಗೆ ಎದ್ದು ಮೂಗಿಗೆ ಬಂತು, ಮರದ ಅಂಟು ಸುಟ್ಟ ವಾಸನೆ.

"ಹೊಗೆ ಆಗಲ್ವೇನಮ್ಮಾ? ಫ್ಯಾನ್ ಹಾಕ್ಲಾ?" ಅಂದಳು.

"ಬ್ಯಾಡ ಬಿಡಮ್ಮ, ಇರ್ಲಿ" ಅಂದೆ.

ಆ ವಾಸನೆಯ ನಡುವೆ ಕೂತು ನಾನು ಮೂರು ವರ್ಷ ಮಧ್ಯಾಹ್ನದ ಬುತ್ತಿ ಉಂಡಿದ್ದೇನೆ. ಮೂರು ವರ್ಷದಲ್ಲಿ ನೆನಪಿಗೆ ಬರುವುದು ಒಂದೇ ಆಷಾಢ, ತೊಂಬತ್ತೇಳನೇ ಇಸವಿಯದು. ಆ ತಿಂಗಳ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ವಯಸ್ಸಾದ ಮೇಲೆ ಸಿಟ್ಟು ಇಳಿಯುತ್ತದೆ ಅನ್ನುತ್ತಾರೆ. ನನಗೆ ಇಳಿದಿಲ್ಲ. ಇಳಿಯುವ ಮುಂಚೆ ಬರೆದಿಡೋಣ ಅಂತ ಕೂತಿದ್ದೇನೆ.

ಊರಾಚೆ ಇಂಡಸ್ಟ್ರಿಯಲ್ ಏರಿಯಾದಲ್ಲಿ ಒಂದು ಶೀಟಿನ ಶೆಡ್ಡು. ಅಲ್ಲಿ ನೀರಿನ ಮೋಟಾರಿಗೆ ಆಟೋ ಸ್ಟಾರ್ಟರ್ ಮಾಡುತ್ತಿದ್ದರು. ನಮ್ಮ ಕಡೆ ತೋಟ ಇರುವವರಿಗೆ ಅದೇನು ಅಂತ ಹೇಳಬೇಕಾಗಿಲ್ಲ. ತ್ರೀ ಫೇಸ್ ಕರೆಂಟು ಯಾವಾಗ ಬರುತ್ತದೆ, ಯಾವಾಗ ಹೋಗುತ್ತದೆ ದೇವರಿಗೂ ತಿಳಿಯದು. ಅದಕ್ಕೇ ಕಾದು ಕೂರುವ ಬದಲು ಮೋಟಾರು ಮನೆಯ ಗೋಡೆಗೆ ಈ ಪೆಟ್ಟಿಗೆ ಹಾಕಿಸಿದರೆ, ಕರೆಂಟು ಬಂದಾಗ ತಾನೇ ಮೋಟಾರನ್ನು ಚಾಲೂ ಮಾಡುತ್ತದೆ. ಚಾಲೂ ಮಾಡುವ ಮುಂಚೆ ಒಂದು ನಿಮಿಷ ಗಂಟೆ ಹೊಡೆಯುತ್ತದೆ, ಹತ್ತಿರ ಇದ್ದವರು ದೂರ ಸರಿಯಲಿ ಅಂತ. ಪೆಟ್ಟಿಗೆಯ ಜೊತೆ ಕೊಡುವ ತೆಲುಗು-ಕನ್ನಡದ ಚಿಕ್ಕ ಪುಸ್ತಕದಲ್ಲಿ ಇದನ್ನೇ ದೊಡ್ಡ ಅಕ್ಷರದಲ್ಲಿ ಹಾಕಿದ್ದರು: "ಒಂದು ನಿಮಿಷ ಗಂಟೆ. ಆಮೇಲೆ ಮೋಟಾರು."

ನಾನು ಚಿಲಮತ್ತೂರಿನಿಂದ ದಿನಾ ಬಸ್ಸಿಗೆ ಬರುತ್ತಿದ್ದೆ. ಪಾಲಿಟೆಕ್ನಿಕ್ಕಿನಲ್ಲಿ ಎಲೆಕ್ಟ್ರಾನಿಕ್ಸ್ ಮುಗಿಸಿದ್ದೆ. ಅಪ್ಪ ಇರಲಿಲ್ಲ. ಅವ್ವ ಹಾಸ್ಟೆಲ್ಲಿನಲ್ಲಿ ಅಡಿಗೆ ಮಾಡುತ್ತಿದ್ದಳು. ಶೆಡ್ಡಿನ ಒಂದು ಕಡೆ ಹನ್ನೆರಡು ಹೆಂಗಸರು ಸಾಲಾಗಿ ಕೂತು ಬೋರ್ಡು ಬೆಸೆಯುತ್ತಿದ್ದರು. ಇನ್ನೊಂದು ಕಡೆ ಗಾಜಿನ ಕೋಣೆಯಲ್ಲಿ ಒಂದು ಕಂಪ್ಯೂಟರ್, ಖಲೀಲ್ ಸಾರ್, ನಾನು. ಪೆಟ್ಟಿಗೆಯೊಳಗಿನ ಚಿಪ್ಪಿಗೆ ಪ್ರೋಗ್ರಾಂ ಬರೆಯುವ ಕೆಲಸ ನಮ್ಮದು.

ಖಲೀಲ್ ಸಾರ್ ಹಿಂದೂಪುರದವರೇ. ಐವತ್ತರ ಹತ್ತಿರದ ಮನುಷ್ಯ, ಮಾತು ಕಮ್ಮಿ. ಅವರಿಗೆ ಒಂದು ಹಟವಿತ್ತು. ಪ್ರೋಗ್ರಾಮಿನಲ್ಲಿ ಒಂದು ಸಾಲು ಬದಲಾಯಿಸಿದರೂ, ಯಾರು ಬದಲಾಯಿಸಿದರು, ಯಾವತ್ತು, ಯಾಕೆ ಅನ್ನುವುದು ಬರೆದಿರಬೇಕು. ಅದಕ್ಕೆ ಸಿವಿಎಸ್ ಅನ್ನುವ ಒಂದು ವ್ಯವಸ್ಥೆಯನ್ನು ಯಾರೋ ಸ್ನೇಹಿತರಿಂದ ತಂದು ಕಂಪ್ಯೂಟರಿಗೆ ಹಾಕಿದ್ದರು. ನಾವು ಫೈಲಿನಲ್ಲಿ ಏನೇ ತಿದ್ದಿದರೂ ಅದು ಹಳೆಯದನ್ನು ಒಗೆಯದೆ ಇಟ್ಟುಕೊಳ್ಳುತ್ತಿತ್ತು. ಪ್ರತಿ ತಿದ್ದುಪಡಿಗೂ ಒಂದು ಟಿಪ್ಪಣಿ ಕೇಳುತ್ತಿತ್ತು. ಬೇಕಾದಾಗ ಒಂದು ಆಜ್ಞೆ ಕೊಟ್ಟರೆ, ಫೈಲಿನ ಒಂದೊಂದು ಸಾಲಿನ ಪಕ್ಕಕ್ಕೂ ಅದನ್ನು ಬರೆದವರ ಹೆಸರು, ತಾರೀಖು ತೋರಿಸುತ್ತಿತ್ತು.

"ಆದ್ರೆ ಇದಕ್ಕೆ ಒಂದು ಕುರುಡು ಐತೆ ರತ್ನಮ್ಮಾ" ಅಂತ ಮೊದಲ ವಾರವೇ ಹೇಳಿಕೊಟ್ಟಿದ್ದರು. "ಇದು ಫೈಲನ್ನ ಹೆಸರಿನ ಮೇಲೆ ಗುರುತು ಹಿಡೀತದೆ. ಹೆಸರು ಬದಲಾದ್ರೆ ಇದಕ್ಕೆ ಗೊತ್ತಾಗಲ್ಲ. ಹೊಸ ಹೆಸರಲ್ಲಿ ಒಂದು ಕಾಪಿ ಮಾಡಿ ಸೇರಿಸ್ಬೇಕು, ಹಳೇದನ್ನ ತೆಗೀಬೇಕು. ಆಗ ಹೊಸ ಫೈಲು ಅವತ್ತೇ ಹುಟ್ಟಿದಂಗೆ. ಎಲ್ಲಾ ಸಾಲೂ ಅವತ್ತು ಸೇರಿಸಿದೋರ ಹೆಸರಿಗೆ ಬೀಳ್ತದೆ. ಅದಕ್ಕೆ ಹೆಸರು ಬದಲಾಯಿಸ್ದಾಗ ಟಿಪ್ಪಣೀಲಿ ಬರೀ: ಇದು ಹಿಂದೆ ಇಂಥಾ ಹೆಸರಲ್ಲಿತ್ತು ಅಂತ. ಮರೀಬ್ಯಾಡ."

ಮರೆತೆ. ಇಲ್ಲಿ ತಪ್ಪು ನನ್ನದೇ, ಅದನ್ನೂ ಮುಚ್ಚಿಡುವುದಿಲ್ಲ.

ಕಂಪನಿಯ ಯಜಮಾನರು ನಂಜುಂಡಪ್ಪನವರು, ಹಿಂದೆ ಬೆಲ್ಲದ ಮಂಡಿ ಇಟ್ಟಿದ್ದವರು. ಅವರು ವಾರಕ್ಕೊಮ್ಮೆ ಬರುತ್ತಿದ್ದರು. ದಿನದ ಆಡಳಿತವೆಲ್ಲ ಅಳಿಯ ವೀರೇಶ್ ಸಾರ್ ಕೈಯಲ್ಲಿ. ಆ ವರ್ಷದ ಮಾಘದಲ್ಲಿ ಖಲೀಲ್ ಸಾರಿಗೂ ವೀರೇಶ್ ಸಾರಿಗೂ ಕೋಣೆಯ ಬಾಗಿಲು ಹಾಕಿಕೊಂಡು ಜೋರು ಮಾತಾಯಿತು. ಏನು ಅಂತ ನನಗೆ ಕೇಳಿಸಲಿಲ್ಲ. ಖಲೀಲ್ ಸಾರ್ ಹೊರಗೆ ಬಂದು ತಮ್ಮ ಸ್ಕ್ರೂಡ್ರೈವರ್ ಸೆಟ್ಟನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಹೊರಟುಬಿಟ್ಟರು. ಪರಿಗಿ ರಸ್ತೆಯಲ್ಲಿ ಟೀವಿ ರಿಪೇರಿ ಅಂಗಡಿ ಹಾಕಿದರು ಅಂತ ಆಮೇಲೆ ತಿಳಿಯಿತು.

ಯುಗಾದಿಗೆ ಮುಂಚೆ ವೀರೇಶ್ ಸಾರ್ ಹೊಸ ಹೆಸರು ತಂದರು. ಅಲ್ಲಿಯವರೆಗೆ ನಮ್ಮ ಪೆಟ್ಟಿಗೆಗೆ ಬರೀ "ಸ್ಟಾರ್ಟರ್-2" ಅನ್ನುತ್ತಿದ್ದರು. ಇನ್ನು ಮೇಲೆ ಅದು "ಗಂಗಾ". ಪೆಟ್ಟಿಗೆಯ ಬಣ್ಣ ನೀಲಿ, ಮುಚ್ಚಳದ ಮೇಲೆ ಕಲಶದ ಚಿತ್ರ. ಒಳಗಿದ್ದದ್ದು ಅದೇ ಬೋರ್ಡು, ಅದೇ ಪ್ರೋಗ್ರಾಂ. "ಕಂಪ್ಯೂಟರಲ್ಲೂ ಎಲ್ಲಾ ಗಂಗಾ ಆಗ್ಬೇಕು ಕಣಮ್ಮ, ಇವತ್ತು ಸಾಯಂಕಾಲದೊಳಗೆ" ಅಂದರು. ನಾಲ್ಕೂವರೆಗೆ ನನ್ನ ಬಸ್ಸು. ಎಂಟುನೂರು ಸಾಲಿನ ಫೈಲನ್ನು ಹೊಸ ಹೆಸರಿಗೆ ಕಾಪಿ ಮಾಡಿದೆ, ಹಳೆಯದನ್ನು ತೆಗೆದೆ. ಟಿಪ್ಪಣಿ ಕೇಳಿದಾಗ "ಹೊಸ ಹೆಸರು" ಅಂತ ಎರಡೇ ಪದ ಬರೆದು ಓಡಿದೆ. ಒಂದು ಸಾಲನ್ನೂ ಓದಿ ನೋಡಲಿಲ್ಲ.

ಆಷಾಢ ಬಂತು. ನಮ್ಮ ಕಡೆ ಆಷಾಢ ಅಂದರೆ ಮಳೆಯಲ್ಲ, ಗಾಳಿ. ಬೆಳಿಗ್ಗೆ ಎಂಟಕ್ಕೆ ಶುರುವಾದರೆ ಶೆಡ್ಡಿನ ಶೀಟುಗಳು ಸಂಜೆಯವರೆಗೂ ಬಡಿದುಕೊಳ್ಳುತ್ತಿದ್ದವು. ಕೆಂಪು ಧೂಳು ಬೋರ್ಡಿನ ಮೇಲೆ ಕೂರದಂತೆ ಹೆಂಗಸರು ಒದ್ದೆ ಬಟ್ಟೆ ಮುಚ್ಚಿ ಕೆಲಸ ಮಾಡುತ್ತಿದ್ದರು. ಅಂಥ ಒಂದು ಬೆಳಿಗ್ಗೆ ವೀರೇಶ್ ಸಾರ್ ಕೋಣೆಗೆ ಬಂದು, "ಗಂಗಾ ಪ್ರೋಗ್ರಾಂ ಯಾವ ಸಾಲು ಯಾರು ಬರೆದ್ರು ಅಂತ ತೋರಿಸ್ತದಂತಲ್ಲಾ, ಅದೊಂದು ಪ್ರಿಂಟ್ ತೆಗ್ದುಕೊಡಮ್ಮ" ಅಂದರು. ಇವರಿಗೂ ಇದರ ಬೆಲೆ ಗೊತ್ತಾಯಿತಲ್ಲ ಅಂತ ಖುಷಿಯಾಯಿತು. ಹದಿನೈದು ಹಾಳೆ ಪ್ರಿಂಟ್ ತೆಗೆದು, ಅಂಚಿನ ತೂತುಪಟ್ಟಿ ನೀಟಾಗಿ ಹರಿದು ಕೊಟ್ಟೆ.

ಮಧ್ಯಾಹ್ನ ಕರೆದರು. ಮೇಜಿನ ಮೇಲೆ ನನ್ನ ಹಾಳೆಗಳಿದ್ದವು. ಪಕ್ಕದಲ್ಲಿ ಟೈಪು ಮಾಡಿದ ಒಂದು ಕಾಗದ.

"ಕಲ್ಯಾಣದುರ್ಗದ ಹತ್ರ ಒಬ್ಬ ರೈತ, ಓಬಳೇಶಪ್ಪ ಅಂತ. ನಮ್ಮ ಗಂಗಾ ಹಾಕಿಸಿದ್ದ" ಅಂದರು ವೀರೇಶ್ ಸಾರ್. "ಕರೆಂಟ್ ಹೋಗಿದ್ದಾಗ ಪಂಪಿನ ಬೆಲ್ಟು ಸರಿ ಮಾಡ್ತಿದ್ದನಂತೆ. ಕರೆಂಟ್ ಬಂದ್ಬುಟ್ಟೈತೆ. ಗಂಟೆ ಐದೇ ಸೆಕೆಂಡು ಹೊಡೆದು ಮೋಟಾರ್ ತಿರುಗೈತೆ. ಬಲಗೈ ಎರಡು ಬೆರಳು ಹೋದವು."

"ಐದು ಸೆಕೆಂಡಾ? ಒಂದು ನಿಮಿಷ ಅಲ್ವಾ ಸಾರ್?" ಅಂದೆ.

ಅವರು ಹಾಳೆಯೊಂದನ್ನು ನನ್ನ ಮುಂದೆ ತಳ್ಳಿ ಬೆರಳಿಟ್ಟರು. ಗಂಟೆಯ ಸಾಲು. ಎದುರಿಗೆ ಐದು ಅಂತಿತ್ತು. ಎಡಗಡೆ ಬರೆದವರ ಹೆಸರು: ರತ್ನ. ಆ ಸಾಲಿಗೆ ಮಾತ್ರವಲ್ಲ, ಹದಿನೈದು ಹಾಳೆಯ ಎಂಟುನೂರು ಸಾಲಿಗೂ ರತ್ನ, ರತ್ನ, ರತ್ನ.

"ನಾನು ಬರೆದಿಲ್ಲ ಸಾರ್. ಹೆಸರು ಬದಲಾಯಿಸಿದೆ ಅಷ್ಟೇ. ನೀವೇ ಹೇಳಿದ್ರಿ."

"ನಾನು ಹೇಳ್ತಿಲ್ಲ ಕಣಮ್ಮ, ಕಂಪ್ಯೂಟರ್ ಹೇಳ್ತದೆ. ನೀನೇ ತೆಗ್ದುಕೊಟ್ಟ ಪ್ರಿಂಟು." ಆಮೇಲೆ ಟೈಪು ಮಾಡಿದ ಕಾಗದ ಕೊಟ್ಟರು. ಕರೆಂಟ್ ಆಫೀಸಿನವರು ಕಂಪನಿಯಿಂದ ವಿವರಣೆ ಕೇಳಿದ್ದರಂತೆ, ಇದು ಅದರ ಉತ್ತರ. ಟ್ರೈನಿ ಹುಡುಗಿಯ ಅಜಾಗರೂಕತೆಯಿಂದ ಗಂಗಾ ಮಾಡೆಲ್ಲಿನಲ್ಲಿ ದೋಷ ಸೇರಿದೆ, ಹಿಂದಿನ ಸ್ಟಾರ್ಟರ್-2ರಲ್ಲಿ ಈ ದೋಷವಿಲ್ಲ, ಹುಡುಗಿ ತಪ್ಪು ಒಪ್ಪಿಕೊಂಡಿದ್ದಾಳೆ ಅಂತ ಬರೆದಿತ್ತು. ಕೆಳಗೆ ನನ್ನ ಸಹಿಗೆ ಗೀಟು ಎಳೆದಿದ್ದರು.

"ಸೈನ್ ಮಾಡು. ನಾಲ್ಕು ತಿಂಗಳು ಮನೇಲಿರು, ಒಳ್ಳೆ ಸರ್ಟಿಫಿಕೇಟ್ ಕೊಡ್ತೀನಿ. ಹೆಂಗೂ ಮದುವೆ ಆಗಿ ಹೋಗೋಳು ನೀನು."

"ಮಾಡಲ್ಲ ಸಾರ್" ಅಂದೆ. ದನಿ ಹೊರಗೆ ಕೇಳುವಷ್ಟು ಜೋರಾಗಿತ್ತು ಅನಿಸುತ್ತದೆ, ಯಾಕೆಂದರೆ ಆಚೆ ಬೋರ್ಡು ಬೆಸೆಯುತ್ತಿದ್ದ ಹೆಂಗಸರು ತಲೆಯೆತ್ತಿದರು.

ಎರಡು ದಿನ ಯೋಚನೆ ಮಾಡು ಅಂತ ಕಳಿಸಿದರು.

ಮನೆಯಲ್ಲಿ ಅವ್ವನಿಗೆ ಎಲ್ಲ ಹೇಳಿದೆ. ಅವಳು ರಾಗಿ ಹಿಟ್ಟು ಜರಡಿ ಹಿಡಿಯುತ್ತಿದ್ದವಳು ನಿಲ್ಲಿಸಿ ಕೇಳಿದಳು: "ಆ ಐದು ನೀನು ಬರ್ದಿದ್ಯಾ?"

"ಇಲ್ಲ ಕಣವ್ವಾ."

"ಬರ್ದಿಲ್ಲಾಂದ್ರೆ ಯಾಕ್ ಸೈನ್ ಹಾಕ್ಬೇಕು? ಕೆಲ್ಸ ಹೋದ್ರೆ ಹೋಯ್ತದೆ. ಆ ಕಾಗ್ದ ಇರಾಗಂಟ ಬೆಳ್ಳು ಕತ್ತರಿಸ್ದೋಳು ಅಂತ ನಿನ್ ಹೆಸ್ರು ಇರ್ತದೆ." ಅಷ್ಟು ಹೇಳಿ ಮತ್ತೆ ಜರಡಿ ಹಿಡಿದಳು.

ಮಾರನೇ ದಿನ ಖಲೀಲ್ ಸಾರ್ ಅಂಗಡಿಗೆ ಹೋದೆ. ಬೆನ್ನು ತೆಗೆದ ಟೀವಿಯೊಂದರ ಮುಂದೆ ಕೂತಿದ್ದರು. ನಾನು ಹೇಳುತ್ತಾ ಹೋದಂತೆ ಅವರ ಕೈ ನಿಂತಿತು. ಬೆರಳಿನ ವಿಷಯಕ್ಕೆ ಬಂದಾಗ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಅದು ನಾನು ಬರೆದದ್ದು" ಅಂದರು.

"ಯಾವಾಗ ಸಾರ್?" ಅಂದೆ.

"ದೀಪಾವಳಿ ಆದ ಮೇಲೆ. ಡೀಲರುಗಳು ಗಲಾಟೆ ಮಾಡಿದ್ರಂತೆ. ಕರೆಂಟು ಬರೋದೇ ಹತ್ತು ನಿಮಿಷ, ಅದ್ರಲ್ಲಿ ಒಂದು ನಿಮಿಷ ಗಂಟೆಗೇ ಹೋದ್ರೆ ನೀರು ಯಾವಾಗ ಅಂತ. ವೀರೇಶ್ ಐದು ಮಾಡು ಅಂದ. ಬ್ಯಾಡ ಅಂದೆ. ಮತ್ತೆ ಹೇಳ್ದ. ಬ್ಯಾಡ ಅಂದೆ. ಮೂರನೇ ಸಲ ಮಾಡ್ಬುಟ್ಟೆ. ಪುಸ್ತಕದಲ್ಲಾದ್ರೂ ಒಂದು ನಿಮಿಷ ಅನ್ನೋದು ತೆಗ್ಸು ಅಂತ ಎರಡು ತಿಂಗಳು ಹಿಂದೆ ಬಿದ್ದೆ. ಅಚ್ಚಾಗಿರೋದು ಖರ್ಚಾಗ್ಲಿ ಅಂದ. ಆ ಜಗಳಕ್ಕೇ ನಾನು ಬಿಟ್ಟು ಬಂದದ್ದು." ಕನ್ನಡಕ ಎತ್ತಿಕೊಂಡು ಅಂದರು, "ಬಿಟ್ಟು ಬಂದೆ. ಐದನ್ನ ಅರವತ್ತು ಮಾಡಿ ಬರ್ಲಿಲ್ಲ. ನೋಡು, ನಾನೆಂಥಾ ಗಂಡಸು."

"ಈಗ ನನ್ನ ಹೆಸರು ಮಾತ್ರ ಐತೆ ಸಾರ್. ಹಳೇ ಫೈಲು ತೆಗೆದುಬಿಟ್ಟೆ ನಾನು."

"ತೆಗೆದ್ರೆ ಎಲ್ಲಿ ಹೋಯ್ತದೆ? ಸಿವಿಎಸ್ ಯಾವುದನ್ನೂ ಬಿಸಾಕಲ್ಲ. ತೆಗೆದ ಫೈಲನ್ನ ಅದರ ಪೂರ್ತಿ ಚರಿತ್ರೆ ಸಮೇತ ಒಂದು ಕಡೆ ಎತ್ತಿಡ್ತದೆ. ಆ ಜಾಗದ ಹೆಸರೇ ಆಟಿಕ್. ಅಂದ್ರೆ ನಮ್ಮ ಮನೆ ಅಟ್ಟ. ಬ್ಯಾಡದ್ದನ್ನ ಹಾಕ್ತೀವಲ್ಲ, ಹಂಗೆ. ಹಳೇ ಹೆಸರು ಕೊಟ್ಟು ಕೇಳು, ಹೇಳ್ತದೆ."

"ಕೇಳಿದ್ರೆ ನಿಮ್ಮ ಹೆಸರು ಬರ್ತದೆ ಸಾರ್."

"ಬರ್ಲಿ! ಮುಚ್ಚಿಡೋಕಾ ನಾನು ಅದನ್ನ ತಂದು ಹಾಕಿದ್ದು?" ಅಂದರು. ಅಷ್ಟು ಜೋರಾಗಿ ಅವರು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಆಮೇಲೆ ಕಂಪನಿಯ ಕಾಗದದಲ್ಲಿ ಏನು ಬರೆದಿತ್ತು ಅಂತ ಇನ್ನೊಂದು ಸಲ ಕೇಳಿದರು. ಸ್ಟಾರ್ಟರ್-2ರಲ್ಲಿ ದೋಷವಿಲ್ಲ ಅನ್ನುವ ಸಾಲು ಹೇಳಿದೆ.

"ಸುಳ್ಳು. ನಾನು ಐದು ಮಾಡಿದ್ದು ಕಾರ್ತಿಕದಲ್ಲಿ. ನೀನು ಹೆಸರು ಬದಲಾಯಿಸಿದ್ದು ಯುಗಾದಿಗೆ. ನಡುವೆ ನಾಲ್ಕು ತಿಂಗಳು ಹೋದ ಪೆಟ್ಟಿಗೆಗಳೆಲ್ಲ ಹಳೇ ಹೆಸರಿನವು. ಅವೂ ಐದೇ ಹೊಡೀತವೆ. ಅವನ್ನ ಯಾರು ಹುಡುಕ್ತಾರೆ ರತ್ನಮ್ಮಾ? ಎಲ್ಲಾರೂ ಗಂಗಾ ಹುಡುಕ್ತಾರೆ."

ಅಲ್ಲಿಯವರೆಗೆ ನನಗೆ ನನ್ನ ಹೆಸರಿನದೇ ಚಿಂತೆಯಾಗಿತ್ತು. ಆ ಮಾತು ಕೇಳಿದ ಮೇಲೆ ಅದು ಚಿಕ್ಕದಾಯಿತು. ಎಲ್ಲೋ ಯಾವುದೋ ಮೋಟಾರು ಮನೆಯಲ್ಲಿ ಇನ್ನೊಬ್ಬರು ಒಂದು ನಿಮಿಷ ಇದೆ ಅಂತ ನಂಬಿ ಕೈ ಹಾಕಿರುತ್ತಾರೆ.

ಮೂರನೇ ದಿನ ಶೆಡ್ಡಿಗೆ ಹೋದಾಗ ಕರೆಂಟಿರಲಿಲ್ಲ. ಕಂಪ್ಯೂಟರ್ ಮುಂದೆ ಕೂತೆ. ಹನ್ನೊಂದಾಯಿತು, ಹನ್ನೆರಡಾಯಿತು. ವೀರೇಶ್ ಸಾರ್ ಎರಡು ಸಲ ಗಾಜಿನಾಚೆಯಿಂದ ನೋಡಿ ಹೋದರು. ಸೈನ್ ಮಾಡಲು ಧೈರ್ಯ ತಂದುಕೊಳ್ಳುತ್ತಿದ್ದಾಳೆ ಅಂದುಕೊಂಡರೋ ಏನೋ. ಹನ್ನೆರಡೂವರೆಗೆ ದೀಪ ಹತ್ತಿತು. ಹಳೆಯ ಹೆಸರು ಕೊಟ್ಟು ಚರಿತ್ರೆ ಕೇಳಿದೆ. ಒಂದು ಗಳಿಗೆ ಏನೂ ಬರಲಿಲ್ಲ. ಆಮೇಲೆ ಪರದೆ ತುಂಬ ಸಾಲುಗಳು ಇಳಿಯತೊಡಗಿದವು.

ಮೂರು ವರ್ಷದ ತಿದ್ದುಪಡಿಗಳು, ಹೊಸದು ಮೇಲೆ, ಹಳೆಯದು ಕೆಳಗೆ. ಖಲೀಲ್, ಖಲೀಲ್, ಖಲೀಲ್. ನಡುವೆ ಅಲ್ಲಲ್ಲಿ ನಾನು, ನೀರಿಲ್ಲದಾಗ ಮೋಟಾರು ನಿಲ್ಲಿಸುವ ಭಾಗಕ್ಕೆ ನಾನು ಬರೆದದ್ದು. ಕಾರ್ತಿಕದ ತಾರೀಖಿನ ಕೆಳಗೆ ಖಲೀಲ್ ಸಾರ್ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದಿದ್ದರು: "ಗಂಟೆ ಅರವತ್ತು ಸೆಕೆಂಡಿನಿಂದ ಐದಕ್ಕೆ ಇಳಿಸಿದೆ. ವೀರೇಶ್ ಸಾರ್ ಹೇಳಿದ್ದಕ್ಕೆ. ಬೇಡ ಅಂತ ಎರಡು ಸಲ ಹೇಳಿದೆ."

ಮೊದಲು ಅದನ್ನು ಫ್ಲಾಪಿಗೆ ಹಾಕಿಕೊಂಡು ಬುತ್ತಿ ಚೀಲಕ್ಕೆ ಸೇರಿಸಿದೆ. ಆಮೇಲೆ ಪ್ರಿಂಟ್ ಕೊಟ್ಟೆ. ಆ ಪ್ರಿಂಟರಿನ ಕಿರುಚಾಟ ಇಡೀ ಶೆಡ್ಡಿಗೆ ಕೇಳುತ್ತಿತ್ತು. ಒಂದು ಪ್ರತಿ ಮುಗಿದು ಎರಡನೆಯದು ನಡೆಯುತ್ತಿದ್ದಾಗ ವೀರೇಶ್ ಸಾರ್ ಬಂದರು. ಹಾಳೆ ಎತ್ತಿಕೊಂಡು ಓದಿದರು. ಮುಖ ಕೆಂಪಗಾಯಿತು. ಹರಿದು ನಾಲ್ಕು ಚೂರು ಮಾಡಿದರು.

"ಹರೀರಿ ಸಾರ್" ಅಂದೆ. "ಅದು ಕಾಗದ. ಒಳಗಿರೋದು ಹರಿಯಲ್ಲ."

"ಅಳಿಸ್ತೀನಿ."

"ಅಳಿಸ್ರಿ. ನನ್ ಹತ್ರ ಫ್ಲಾಪಿ ಐತೆ."

ಅವರು ಮುಂದೆ ಬಂದರು. ಅಷ್ಟರಲ್ಲಿ ಕೆಲಸದ ಹೆಂಗಸರಲ್ಲಿ ಹಿರಿಯಳಾದ ಸರಸ್ವತಕ್ಕ ಬಾಗಿಲಲ್ಲಿ ನಿಂತಿದ್ದಳು. ಅವಳ ಹಿಂದೆ ಉಳಿದವರು. ಸರಸ್ವತಕ್ಕ ತೆಲುಗಿನಲ್ಲಿ ಶಾಂತವಾಗಿ, "ಆ ಪಿಲ್ಲನು ಮುಟ್ಟೊದ್ದು ಸಾರ್" ಅಂದಳು. ಆ ಹುಡುಗಿಯನ್ನು ಮುಟ್ಟಬೇಡಿ ಅಂತ. ಅವರು ಮುಟ್ಟಲಿಲ್ಲ. ಮಾವನಿಗೆ ಫೋನ್ ಮಾಡಿದರು.

ನಂಜುಂಡಪ್ಪನವರು ಬಂದು ಹಾಳೆ ಓದಿಸಿಕೊಂಡು ಕೇಳಿದರು. ಒಳ್ಳೆಯ ಮನುಷ್ಯ, ನನ್ನನ್ನು ಕೂಡು ಅಂದ ಮೇಲೇ ಮಾತು ಶುರು ಮಾಡಿದರು.

"ತಪ್ಪಾಗೈತೆ ಕಣಮ್ಮ. ಆ ಕಾಗದ ಹರಿದಾಕಿಸ್ತೀನಿ. ನಿನ್ನ ಹೆಸರು ಎಲ್ಲೂ ಬರಲ್ಲ. ಗಂಗಾ ಪೆಟ್ಟಿಗೆಗೆಲ್ಲ ಹೊಸ ಚಿಪ್ಪು ಹಾಕಿಸ್ತೀನಿ. ನೀನೂ ಇದನ್ನ ಇಲ್ಲಿಗೆ ಬಿಟ್ಬುಡು."

"ಹಳೇ ಸ್ಟಾರ್ಟರ್-2 ಪೆಟ್ಟಿಗೆ ಸಾರ್?"

ಅವರು ಅಳಿಯನ ಮುಖ ನೋಡಿದರು. ಅಳಿಯ ಕಿಟಕಿಯಾಚೆ ನೋಡಿದ.

"ಅವು ಎರಡು ಜಿಲ್ಲೆಗೆ ಹೋಗವೆ. ಅಲ್ಲಿ ಇಲ್ಲೀಗಂಟ ಏನೂ ಆಗಿಲ್ವಲ್ಲ. ಅದನ್ನೂ ತೆಗೆದ್ರೆ ಕಂಪನಿ ಉಳಿಯಲ್ಲ ತಾಯಿ. ಈ ಹೆಣ್ಮಕ್ಕಳು ಎಲ್ಲಿಗೆ ಹೋಗ್ಬೇಕು?"

ಆ ಪ್ರಶ್ನೆ ನನ್ನನ್ನು ಅಲ್ಲಾಡಿಸಿತು, ಸುಳ್ಳು ಹೇಳುವುದಿಲ್ಲ. ಗಾಜಿನಾಚೆ ಹನ್ನೆರಡು ಜನ ನಿಂತಿದ್ದರು, ಹನ್ನೆರಡು ಮನೆ. "ನಾಳೆ ಹೇಳ್ತೀನಿ ಸಾರ್" ಅಂತ ಎರಡನೆಯ ಪ್ರತಿಯನ್ನು ಮಡಿಸಿಕೊಂಡು ಎದ್ದು ಬಂದೆ. ಮಾರನೇ ದಿನ ನಾನು ಶೆಡ್ಡಿಗೆ ಹೋಗಲಿಲ್ಲ. ಪೆನುಕೊಂಡದಲ್ಲಿ ಬಸ್ಸು ಬದಲಾಯಿಸಿ ಕಲ್ಯಾಣದುರ್ಗಕ್ಕೆ ಹೋದೆ.

ಅಲ್ಲಿ ಗಾಳಿ ನಮ್ಮೂರಿನದಕ್ಕಿಂತ ಜೋರು. ಬಸ್ ಸ್ಟ್ಯಾಂಡಿನಲ್ಲಿ ಜನ ಟವೆಲಿನಿಂದ ಮುಖ ಸುತ್ತಿಕೊಂಡಿದ್ದರು. ಬೆರಳು ಹೋದ ರೈತನ ಊರು ವಿಚಾರಿಸಿಕೊಂಡು, ಶೇರ್ ಜೀಪಿನಲ್ಲಿ ಬೀಜದ ಕಡಲೆಕಾಯಿ ಮೂಟೆಗಳ ಮೇಲೆ ಕೂತು ಓಬಳೇಶಪ್ಪನ ಹಳ್ಳಿ ಸೇರಿದಾಗ ಹನ್ನೊಂದೂವರೆ. ಮನೆ ತೋರಿಸಿದರು. ಜಗಲಿಯ ಮೇಲೆ ನಲವತ್ತರ ಆಸುಪಾಸಿನ ಮನುಷ್ಯ, ಬಲಗೈ ಬ್ಯಾಂಡೇಜು ಸುತ್ತಿ ಕೊರಳಿಗೆ ಕಟ್ಟಿತ್ತು. ಅವನ ಹೆಂಡತಿ ಮಾರೆಕ್ಕ ಕಡಲೆಕಾಯಿ ಸುಲಿಯುತ್ತಿದ್ದಳು.

"ಹಿಂದೂಪುರದಿಂದ ಬಂದೀನಿ. ಸ್ಟಾರ್ಟರ್ ಕಂಪನಿ" ಅಂದೆ.

ಮಾರೆಕ್ಕ ಮೇಲೆದ್ದಳು. "ಓ, ನೀನೇಯಾ? ಡೀಲರು ಹೇಳ್ದ, ಯಾರೋ ಒಂದು ಹುಡ್ಗಿ ಕೈತಪ್ಪಿ ಮಾಡ್ಬುಟ್ಟವಳೆ ಅಂತ. ನೋಡ್ಕೋ, ಚೆನ್ನಾಗ್ ನೋಡ್ಕೋ! ಬಿತ್ತೋ ಕಾಲದಾಗೆ ಕೂರಿಗೆ ಹಿಡಿಯೋಕ್ಕಾಗಲ್ಲ ಈ ಕೈಯಾಗೆ."

ಕಾಗದ ಬರುವ ಮುಂಚೆಯೇ ನನ್ನ ಹೆಸರು ಇಲ್ಲಿಗೆ ಬಂದು ಕೂತಿತ್ತು. ಅಳು ಬಂತು. ಅಳಬಾರದು ಅಂತ ಹಲ್ಲು ಕಚ್ಚಿಕೊಂಡು ಹಾಳೆ ಬಿಚ್ಚಿ ಓದಿದೆ, ಕನ್ನಡದಲ್ಲೂ ತೆಲುಗಿನಲ್ಲೂ. ಯಾರು ಹೇಳಿದರು, ಯಾರು ಬರೆದರು, ಹೆಸರು ಹೇಗೆ ಬದಲಾಯಿತು, ನನ್ನ ಹೆಸರು ಹೇಗೆ ಬಂತು, ಎಲ್ಲ. "ನಾನು ಬರೆದಿಲ್ಲ ಅಕ್ಕಾ. ಆದ್ರೆ ನೋಡ್ದೆ ಹೆಸರು ಬದಲಾಯಿಸ್ದೆ. ಓದಿದ್ರೆ ಕಣ್ಣಿಗೆ ಬೀಳ್ತಿತ್ತು. ಅದು ನನ್ ತಪ್ಪು" ಅಂದೆ.

ಓಬಳೇಶಪ್ಪ ಅಂದ: "ಪುಸ್ತಕದಾಗೆ ಒಂದು ನಿಮ್ಸ ಅಂತಿತ್ತು. ನನ್ ಮಗಳು ಓದಿ ಹೇಳಿದ್ಲು. ಅದ್ನ ನಂಬಿ ಕೈ ಇಟ್ಟೆ. ಫ್ಯೂಜ್ ಯಾಕ್ ಕಿತ್ತಿಲ್ಲ ಅಂತಾನೆ ಡೀಲರು. ಬರ್ದಿರೋದನ್ನ ನಂಬ್ದೆ ಇನ್ನೇನ್ ನಂಬ್ಲಿ?" ಆಮೇಲೆ ಹಾಳೆಯ ಕಡೆ ಎಡಗೈ ತೋರಿಸಿ, "ನನ್ ಬೆಳ್ಳಂತೂ ಹೋದ್ವು. ಇಂಥವು ಇನ್ನೂ ಎಲ್ಲೆಲ್ಲಿ ಅವೆ?" ಅಂದ.

"ಗಂಗಾ ಹೆಸರಿನವು ಕಂಪನಿಯೋರು ಬದಲಾಯಿಸ್ತಾರಂತೆ. ಹಳೇ ಹೆಸರಿನವು ಬಿಟ್ಬುಡ್ತಾರೆ."

"ಬಿಡೋಕೆ ನಾವ್ ಬಿಡ್ಬೇಕಲ್ಲ. ನಡಿಯಮ್ಮ" ಅಂದ. ಮಾರೆಕ್ಕ ಸುಲಿಯುತ್ತಿದ್ದ ಮೊರ ಪಕ್ಕಕ್ಕಿಟ್ಟು ಸೆರಗು ಸಿಕ್ಕಿಸಿಕೊಂಡಳು. "ನಾನೂ ಬತ್ತೀನಿ."

ಅದೇ ಜೀಪಿನಲ್ಲಿ ಮೂವರೂ ಕಲ್ಯಾಣದುರ್ಗದ ಕರೆಂಟ್ ಆಫೀಸಿಗೆ ಬಂದೆವು. ಅಲ್ಲಿನ ಇಂಜಿನಿಯರ್ ವಯಸ್ಸಾದವರು, ತೆಲುಗಿನವರು. ಹಾಳೆಯನ್ನು ಎರಡು ಸಲ ಓದಿದರು.

"ಇದಿ ಎವರು ತೀಸಿನಾರಮ್ಮಾ?" ಅಂದರು. ಇದನ್ನು ತೆಗೆದವರು ಯಾರು ಅಂತ.

"ನೇನೇ ಸಾರ್" ಅಂದೆ. ಕಂಪನಿ ನನ್ನ ಸೈನ್ ಕೇಳಿದ ಕಾಗದದ ವಿಷಯವನ್ನೂ ಹೇಳಿದೆ.

"ಕಂಪನಿ ಕಾಗದಕ್ಕೆ ನಿನ್ನ ಸೈನ್ ಬರ್ಬೇಕಾಗಿತ್ತು. ಅದರ ಬದಲು ಇದು ಬಂತು" ಅಂತ ಕನ್ನಡದಲ್ಲೇ ಹೇಳಿ, ಹಾಳೆಯ ಹಿಂದೆ ನನ್ನ ಕೈಯಿಂದಲೇ ಎಲ್ಲವನ್ನೂ ಬರೆಸಿದರು. ಕೆಳಗೆ ನಾನು ಸಹಿ ಹಾಕಿದೆ. ಓಬಳೇಶಪ್ಪ ಎಡಗೈ ಹೆಬ್ಬೆಟ್ಟು ಒತ್ತಿದ. ಆಗಲೇ ಇಂಜಿನಿಯರ್ ಲೈನ್‌ಮನ್‌ಗಳನ್ನು ಕರೆಸಿ, ಎರಡೂ ಹೆಸರಿನ ಪೆಟ್ಟಿಗೆ ಎಲ್ಲಿ ಕಂಡರೂ ಮೋಟಾರು ತಾನಾಗಿ ಚಾಲೂ ಆಗದಂತೆ ಆಟೋ ತಂತಿ ಬಿಚ್ಚಿ ಅಂದರು. ಅನಂತಪುರದ ದೊಡ್ಡ ಆಫೀಸಿಗೂ ಬರೆದರು.

ವಾರದೊಳಗೆ ರೊದ್ದಂ ಕಡೆಯ ಒಂದು ತೋಟದಲ್ಲಿ ಬೂದು ಬಣ್ಣದ ಹಳೇ ಸ್ಟಾರ್ಟರ್-2 ಸಿಕ್ಕಿತು. ಲೈನ್‌ಮನ್ ಕೈಗಡಿಯಾರ ಹಿಡಿದು ನೋಡಿದ, ಗಂಟೆ ಐದೇ ಸೆಕೆಂಡು. ಆ ಮೋಟಾರಿನ ಪಕ್ಕದಲ್ಲೇ ಮನೆಯ ಸೊಸೆ ದಿನಾ ಬಟ್ಟೆ ಒಗೆಯುತ್ತಿದ್ದಳಂತೆ. ಅದಾದ ಮೇಲೆ ಕಂಪನಿಗೆ ಬೇರೆ ದಾರಿಯಿರಲಿಲ್ಲ. ಹಳೆಯ ಚಿಪ್ಪುಗಳನ್ನು ತಿದ್ದುವುದು ಖಲೀಲ್ ಸಾರಿಗೆ ಮಾತ್ರ ಗೊತ್ತು ಅಂತ ನಂಜುಂಡಪ್ಪನವರೇ ಅವರ ಅಂಗಡಿಗೆ ಹೋದರು. ಖಲೀಲ್ ಸಾರ್ ಒಪ್ಪಿದರು, ಆದರೆ ಕರೆಂಟ್ ಆಫೀಸಿಗೆ ಹೋಗುವ ವಿವರಣೆಯಲ್ಲಿ ಐದು ಬರೆದದ್ದು ಖಲೀಲ್, ಬರೆಸಿದ್ದು ವೀರೇಶ್ ಅಂತ ಎರಡೂ ಹೆಸರು ಇರಬೇಕು ಅಂದರು. ಇದ್ದವು. ಶ್ರಾವಣ, ಭಾದ್ರಪದ ಎರಡು ತಿಂಗಳು ಅವರು ಹಳೇ ಸ್ಕೂಟರಿನಲ್ಲಿ ಹಳ್ಳಿ ಹಳ್ಳಿ ತಿರುಗಿ ಪೆಟ್ಟಿಗೆ ಬಿಚ್ಚಿದರು.

ಓಬಳೇಶಪ್ಪನಿಗೆ ಕಂಪನಿ ಆಸ್ಪತ್ರೆಯ ಖರ್ಚು ಕೊಟ್ಟಿತು, ಬೆರಳು ಯಾರೂ ಕೊಡಲಿಲ್ಲ. ವೀರೇಶ್ ಸಾರಿಗೆ ಏನೂ ಆಗಲಿಲ್ಲ. ಶೆಡ್ಡು ಮುಚ್ಚಲಿಲ್ಲ. ಮುಚ್ಚುತ್ತದೆ ಅಂತ ಹೆದರಿಸಿದ್ದಷ್ಟೇ. ಸರಸ್ವತಕ್ಕ ಆಮೇಲೂ ಎಂಟು ವರ್ಷ ಅಲ್ಲೇ ಬೋರ್ಡು ಬೆಸೆದಳು. ಕೆಲಸ ಹೋದದ್ದು ನನ್ನದು ಮಾತ್ರ.

ಕಲ್ಯಾಣದುರ್ಗದಿಂದ ಬಂದ ನಾಲ್ಕನೇ ದಿನ ನಂಜುಂಡಪ್ಪನವರು ಕರೆಸಿ ಒಂದು ಕವರ್ ಕೊಟ್ಟರು. ಬಿಚ್ಚಿ ಓದಿದೆ. ಕುಮಾರಿ ರತ್ನ ಮೂರು ವರ್ಷ ಒಳ್ಳೆಯ ಕೆಲಸ ಮಾಡಿ, ಸ್ವಂತ ಕಾರಣಗಳಿಗಾಗಿ ತಾವಾಗಿ ಬಿಟ್ಟು ಹೋಗುತ್ತಿದ್ದಾರೆ ಅಂತ ಚೆನ್ನಾಗಿ ಬರೆಸಿದ್ದರು.

"ನಾನಾಗಿ ಬಿಡ್ತಿಲ್ಲ ಸಾರ್. ನೀವು ತೆಗೀತಿದ್ದೀರಿ."

"ನಿನ್ ಒಳ್ಳೇದಕ್ಕೇ ಹಂಗೆ ಬರ್ಸಿದೀನಿ ಕಣಮ್ಮ."

"ಯಾಕೆ ತೆಗೀತೀರಿ ಅಂತ ಬರೀರಿ. ಕಂಪನಿ ಫೈಲಿನ ಚರಿತ್ರೆ ಹೊರಗೆ ತೋರಿಸಿದ್ಲು ಅಂತ."

ಅವರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. "ಹಂಗೆ ಬರೆದ್ರೆ ನಿನ್ಗೆ ಈ ಸುತ್ತಿನಾಗೆ ಯಾರೂ ಕೆಲ್ಸ ಕೊಡಲ್ಲ."

"ಕೊಡೋರು ಕೊಡ್ಲಿ, ಬಿಡೋರು ಬಿಡ್ಲಿ. ನಡೆದದ್ದು ಬರೀರಿ."

ಟೈಪಿಸ್ಟ್ ಊಟಕ್ಕೆ ಹೋಗಿದ್ದ. ಅವರೇ ಪೆನ್ನು ತೆಗೆದು, ಮಂಡಿಯ ಕಾಲದ ಗುಂಡು ಅಕ್ಷರದಲ್ಲಿ, ಒಂದೊಂದೇ ಪದ ನಿಧಾನವಾಗಿ ಬರೆದರು. ಬರೆದು ನನ್ನ ಕಡೆ ತಳ್ಳಿದರು. ನಿಂತುಕೊಂಡೇ ಪೂರ್ತಿ ಓದಿದೆ. ಕಾರಣ ಸರಿಯಾಗಿತ್ತು. ನನ್ನ ಹೆಸರು ಸರಿಯಾಗಿತ್ತು.

"ಸರಿ ಐತೆ ಸಾರ್" ಅಂದೆ. "ಸೀಲ್ ಹಾಕಿ."